ಆಪ್ಟೊಮೆಟ್ರಿಸ್ಟ್

ದೃಷ್ಟಿಯನ್ನು ಅಳೆದು ಕನ್ನಡಕ ಬರೆದುಕೊಡುವ, ಕಣ್ಣಿನ ರೋಗದ ಮೊದಲ ಸುಳಿವು ಹಿಡಿದು ನೇತ್ರತಜ್ಞರ ಬಳಿಗೆ ಕಳಿಸುವ ಆರೋಗ್ಯ ವೃತ್ತಿಪರ. ಶಸ್ತ್ರಚಿಕಿತ್ಸೆ ಇವರ ಕೆಲಸವಲ್ಲ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ದೃಷ್ಟಿ ಪರೀಕ್ಷೆಯ ಹೊಣೆ ನೇತ್ರಾಧಿಕಾರಿಗಳದು. ಬಿ.ಎಸ್ಸಿ. ಆಪ್ಟೊಮೆಟ್ರಿ ನಾಲ್ಕು ವರ್ಷದ ಪದವಿ. ಕೊನೆಯ ವರ್ಷ ಇಂಟರ್ನ್‌ಶಿಪ್. 2021ರ ಕೇಂದ್ರ ಕಾಯಿದೆಯೊಂದು ಈ ವೃತ್ತಿಯನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿತು.

ಪರೀಕ್ಷೆ ಶುರುವಾಗುವುದು 6 ಮೀಟರ್ ದೂರದ ಅಕ್ಷರಫಲಕದಿಂದ. ಇದನ್ನು 1862ರಲ್ಲಿ ರೂಪಿಸಿದವನು ಡಚ್ ವೈದ್ಯ ಸ್ನೆಲೆನ್. ಓದು ಬಾರದವರಿಗೆ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ ಇಂಗ್ಲಿಷ್ ‘ಇ’ ಅಕ್ಷರದ ಫಲಕವಿದೆ. ಗೆರೆಗಳು ಯಾವ ಕಡೆಗಿವೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಮಾತು ಬಾರದ ಕೂಸಿನ ಕಣ್ಣಿನ ನಂಬರನ್ನೂ ರೆಟಿನೋಸ್ಕೋಪಿನ ಬೆಳಕು ಹೇಳುತ್ತದೆ. ಆಮೇಲೆ ಕಣ್ಣಿನ ಒತ್ತಡ ನೋಡುತ್ತಾರೆ. ಸಾಮಾನ್ಯವಾಗಿ ಅದು 10ರಿಂದ 21 ಮಿ.ಮೀ. ಪಾದರಸದಷ್ಟಿರುತ್ತದೆ. ಗ್ಲಕೋಮಾ ಹೆಚ್ಚಾಗಿ ನೋವಿಲ್ಲದೆ ದೃಷ್ಟಿ ಕಸಿಯುವುದರಿಂದ ಈ ಅಳತೆಯನ್ನು ಬಿಡಬಾರದು. ಸಕ್ಕರೆ ಕಾಯಿಲೆಯವರಂತೂ ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಅಕ್ಷಿಪಟಲ ತೋರಿಸಿಕೊಳ್ಳಲೇಬೇಕು.

ಮಂಡ್ಯ ಮತ್ತು ಮದ್ದೂರಿನ ನಡುವೆ ಬೆಂಗಳೂರು–ಮೈಸೂರು ರಸ್ತೆಯಲ್ಲಿರುವ ಹನಕೆರೆಯಂಥ ಊರುಗಳಲ್ಲಿ ಆಪ್ಟೊಮೆಟ್ರಿಸ್ಟರ ಅಗತ್ಯ ಇನ್ನೂ ಹೆಚ್ಚು. ಇದು ಕಬ್ಬು, ಭತ್ತದ ನಾಡು. ಕಟಾವಿನಲ್ಲಿ ಕಬ್ಬಿನ ಗರಿ ಕಣ್ಣಿಗೆ ಗೀರುತ್ತದೆ, ಒಕ್ಕಣೆಯಲ್ಲಿ ಭತ್ತದ ಸುಂಕು ಹಾರಿ ಬೀಳುತ್ತದೆ. ಗೀರು ಸಣ್ಣದೆಂದು ಎದೆಹಾಲು ಬಿಟ್ಟುಕೊಳ್ಳುವುದು, ಮೆಡಿಕಲ್ ಸ್ಟೋರಿನಿಂದ ಯಾವುದೋ ಡ್ರಾಪ್ಸ್ ತಂದು ಹಾಕುವುದು ಅಪಾಯಕಾರಿ. ಬೆಳೆಯ ಚೂರಿನೊಂದಿಗೆ ಕಾರ್ನಿಯಾ ಸೇರಿದ ಶಿಲೀಂಧ್ರ ಸ್ಟೀರಾಯ್ಡ್ ಹನಿಯಿಂದ ಉಲ್ಬಣಿಸುತ್ತದೆ, ಹುಣ್ಣು ವಾಸಿಯಾದ ಮೇಲೂ ಬಿಳಿ ಕಲೆ ಉಳಿಯುತ್ತದೆ. ಆಪ್ಟೊಮೆಟ್ರಿಸ್ಟ್ ಸ್ಲಿಟ್ ಲ್ಯಾಂಪ್‌ನಲ್ಲಿ ಗೀರನ್ನು ಗುರುತಿಸಿ ತಡಮಾಡದೆ ನೇತ್ರತಜ್ಞರಿಗೆ ಒಪ್ಪಿಸುತ್ತಾರೆ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಹತ್ತಿರದಲ್ಲೇ ಇದೆ. ಒಂದು ದಿನದ ಕೂಲಿ ಹೋದರೂ ಸರಿ, ಅದೇ ದಿನ ಹೋಗಬೇಕು.

ನಲವತ್ತು ದಾಟಿದವರ ಹತ್ತಿರದ ನೋಟ ಮಸುಕಾಗುವುದು ಸಹಜ, ಕನ್ನಡಕದಿಂದ ಸರಿಹೋಗುತ್ತದೆ. ಪೊರೆ ಬಂದರೆ ಶಸ್ತ್ರಚಿಕಿತ್ಸೆಯೇ ದಾರಿ. 2024ರ ಫೆಬ್ರುವರಿಯಲ್ಲಿ ಹಾವೇರಿಯಲ್ಲಿ ಚಾಲನೆ ಪಡೆದ ರಾಜ್ಯದ ‘ಆಶಾಕಿರಣ’ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕಣ್ಣಿನ ತಪಾಸಣೆ ಮಾಡುತ್ತಾರೆ, ಅಗತ್ಯವಿದ್ದವರಿಗೆ ಕನ್ನಡಕ ಉಚಿತ.

ಮಕ್ಕಳ ವಿಷಯದಲ್ಲಿ ಕಾಯಲು ಸಮಯವಿಲ್ಲ. ಮೆಳ್ಳೆಗಣ್ಣು ಅದೃಷ್ಟವೆಂದು ಬಿಟ್ಟರೆ, ಅಥವಾ ಒಂದು ಕಣ್ಣಿನ ನಂಬರು ಯಾರ ಗಮನಕ್ಕೂ ಬಾರದಿದ್ದರೆ, ಮಿದುಳು ಆ ಕಣ್ಣಿನ ನೋಟವನ್ನು ಕಡೆಗಣಿಸಲು ಕಲಿಯುತ್ತದೆ. ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿ ದುರ್ಬಲ ಕಣ್ಣನ್ನು ದುಡಿಸುವ ಚಿಕಿತ್ಸೆ ಏಳೆಂಟು ವರ್ಷ ವಯಸ್ಸಿನೊಳಗೆ ಚೆನ್ನಾಗಿ ಫಲ ಕೊಡುತ್ತದೆ. ಆದ್ದರಿಂದ ಮಗುವನ್ನು ಒಂದನೇ ತರಗತಿಗೆ ಸೇರಿಸುವ ಮುನ್ನವೇ ಎರಡೂ ಕಣ್ಣುಗಳನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಬೇಕು.