ಕಾಡು ನೋಡಹೋಗುವವರಿಗೆ ಕಾಕನಕೋಟೆಯ ಚರಿತ್ರೆ

ರಜೆಯ ದಿನಗಳು ಸಮೀಪಿಸಿದವೆಂದರೆ ಅನೇಕರ ಮನೆಗಳಲ್ಲಿ ಏಳುವ ಪ್ರಶ್ನೆ ಇದು: ಕಾಡುಮೃಗಗಳನ್ನು ಕಣ್ಣಾರೆ ನೋಡಬೇಕು, ಯಾವ ಕಾಡಿಗೆ ಹೋಗೋಣ? ಒಬ್ಬರು ಬಂಡೀಪುರವೆನ್ನುತ್ತಾರೆ, ಇನ್ನೊಬ್ಬರು ನಾಗರಹೊಳೆಯೆನ್ನುತ್ತಾರೆ. ಕೈಯಲ್ಲಿ ಹಣವಿರುವವರು ಆಫ್ರಿಕ ಖಂಡಕ್ಕೇ ಹೋಗಿಬರೋಣವೆನ್ನುವುದೂ ಉಂಟು. ಹುಲಿ ಎಲ್ಲಿ ಕಂಡೀತು, ಚಿರತೆ ಯಾವ ಹೊತ್ತಿನಲ್ಲಿ ಹೊರಬಂದೀತು ಎಂಬುದನ್ನು ಹೇಳಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಶ್ರೋತೃಗಳೇ, ಆ ಕೆಲಸವನ್ನು ಅವರಿಗೇ ಬಿಡುತ್ತೇನೆ. ಒಂದು ಕಾಡು ಇಂದಿನ ಕಾಡಾದುದು ಹೇಗೆ ಎಂಬುದನ್ನು ತಿಳಿದು ಹೊರಟವನಿಗೆ ಅಲ್ಲಿ ಹೆಚ್ಚು ಕಾಣುತ್ತದೆಂದು ನನ್ನ ನಂಬಿಕೆ. ಆ ಲೆಕ್ಕದಲ್ಲಿ ಆರಿಸುವುದಾದರೆ ನನ್ನ ಆಯ್ಕೆ ಕಬಿನಿಯ ದಡದ ಕಾಕನಕೋಟೆ.

ಸಫಾರಿ ಎಂಬ ಮಾತು ನಮಗೆ ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಿಂದ ಬಂದದ್ದು. ಅದರ ಮೂಲ ಅರಬ್ಬಿಯ 'ಸಫರ್', ಎಂದರೆ ಪ್ರಯಾಣ. ಈ ಸಫರ್ ಹಿಂದೂಸ್ಥಾನಿಯ ಮೂಲಕ ನಮ್ಮ ಕಿವಿಗೂ ಹಳೆಯದೇ. ಮಾತಿನಲ್ಲಿ ಬೇಟೆಯ ಅರ್ಥವೇನೂ ಇಲ್ಲ. ಅದು ಕೋವಿ ಹಿಡಿದ ಬಿಳಿಯ ದೊರೆಗಳು ಅದಕ್ಕೆ ಅಂಟಿಸಿದ್ದು.

ಮೊದಲು ಬಂಡೀಪುರದ ಮಾತನ್ನು ಮುಗಿಸಿಬಿಡೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1931ರಲ್ಲಿ, ಸುಮಾರು 90 ಚದರ ಕಿಲೋಮೀಟರಿನಷ್ಟು ಕಾಡನ್ನು ವನ್ಯಮೃಗಗಳಿಗಾಗಿ ಬೇರೆ ತೆಗೆದಿರಿಸಲಾಯಿತು. 1941ರಲ್ಲಿ ಅದನ್ನು 800 ಚದರ ಕಿಲೋಮೀಟರಿಗೂ ಮಿಗಿಲಾಗಿ ವಿಸ್ತರಿಸಿದರು. ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಿಂದ ಅದು ವೇಣುಗೋಪಾಲ ವನ್ಯಮೃಗಧಾಮವೆನಿಸಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಮೊದಲು ಆರಿಸಿಕೊಂಡ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಹೆದ್ದಾರಿಯ ಪಕ್ಕದಲ್ಲಿಯೇ ಇರುವುದರಿಂದ ಹೋಗಿಬರಲು ಸುಲಭ. ಮಕ್ಕಳೊಡನೆ ಒಂದೇ ದಿನದಲ್ಲಿ ನೋಡಿ ಬರುವವರಿಗೆ ಇದೇ ಸಾಕು.

ಕಾಕನಕೋಟೆಯ ಕಥೆ ಇಷ್ಟು ಸರಳವಲ್ಲ. ಆನೆಗಳನ್ನು ಹಿಂಡುಹಿಂಡಾಗಿ ಅಟ್ಟಿ ಹಿಡಿಯುವ ಖೆಡ್ಡಾ ಎಂಬ ವಿಧಾನವನ್ನು ಮೈಸೂರಿನಲ್ಲಿ ನೆಲೆಗೊಳಿಸಿದವನು ಜಿ. ಪಿ. ಸ್ಯಾಂಡರ್ಸನ್ ಎಂಬ ಆಂಗ್ಲೇಯ. ಅವನು ನೀರಾವರಿ ಕೆಲಸದ ಅಧಿಕಾರಿ, ಆನೆ ಹಿಡಿದು ಅನುಭವವಿದ್ದವನಲ್ಲ. ಆಗ ಮೈಸೂರು ಇನ್ನೂ ಕಮಿಷನರುಗಳ ಆಳ್ವಿಕೆಯಲ್ಲಿತ್ತು. 1874ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಅವನು ಒಂದೇ ಸಲಕ್ಕೆ ಐವತ್ತಕ್ಕೂ ಮಿಕ್ಕ ಆನೆಗಳನ್ನು ಹಿಡಿದನು. ತನಗಿಂತ ನೂರು ವರ್ಷ ಮುಂಚೆ ಹೈದರಾಲಿಯು ಕಾಕನಕೋಟೆಯ ಕಾಡಿನಲ್ಲಿ ಇದೇ ಪ್ರಯತ್ನವನ್ನು ಮಾಡಿ ಸೋತನೆಂದೂ, ಈ ಕೆಲಸ ಯಾರಿಂದಲೂ ಆಗದೆಂದು ಹೇಳಿ, ಕೈಹಾಕುವವರಿಗೆ ಶಾಪವನ್ನೂ ಕಲ್ಲಿನ ಮೇಲೆ ಬರೆಯಿಸಿದನೆಂದೂ ಸ್ಯಾಂಡರ್ಸನ್ 1878ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. ಗೆದ್ದವನು ತನಗಿಂತ ಹಿಂದೆ ಸೋತವನ ಕಥೆಯನ್ನು ಹೇಳುವಾಗ ಸ್ವಲ್ಪ ಬಣ್ಣ ಸೇರುವುದು ಸಹಜ. ಆದರೂ ಕಥೆ ಸೊಗಸಾಗಿದೆ.

ಆಮೇಲೆ ಖೆಡ್ಡಾ ಕಾಕನಕೋಟೆಗೆ ಬಂದಿತು. ಅದಕ್ಕೆ ಕಾರಣ ಕಬಿನಿ ನದಿ. ನಮ್ಮ ಹಿರಿಯರು ಕಪಿಲೆಯೆಂದು ಕರೆದದ್ದು ಇದನ್ನೇ. ಕೆಲಸ ವಾರಗಟ್ಟಲೆ ಮುಂಚಿತವಾಗಿ ಆರಂಭವಾಗುತ್ತಿತ್ತು. ಕುರುಬರು ಹಿಂಡಿನ ಜಾಡನ್ನು ಹಿಡಿದು, ಲದ್ದಿಯನ್ನೂ ಮುರಿದ ಬಿದಿರನ್ನೂ ನೋಡಿ ಆನೆಗಳೆಷ್ಟು, ಮರಿಗಳೆಷ್ಟು ಎಂಬುದನ್ನು ಹೇಳುವರು. ಸುತ್ತಲೂ ಕಾವಲು ಕೂತು ಇರುಳೆಲ್ಲ ಬೆಂಕಿ ಉರಿಸುವರು. ಗೊತ್ತುಮಾಡಿದ ದಿನ ತಮಟೆ, ಕೂಗು, ಸಿಡಿಮದ್ದುಗಳ ಗದ್ದಲದಿಂದ ಹಿಂಡನ್ನು ನದಿಗೆ ಇಳಿಸುವರು. ತಾಯಂದಿರು ಮರಿಗಳನ್ನು ನಡುವೆ ಇಟ್ಟುಕೊಂಡು ಈಜುವುವು. ಆಚೆಯ ದಡವೇ ಬಿಡುಗಡೆಯೆಂದು ಅವು ಹತ್ತಿದೊಡನೆ ಇಕ್ಕೆಲದ ಬೇಲಿ ಕಿರಿದಾಗುತ್ತ ಬಂದು ಒಂದು ಬಾಗಿಲಿಗೆ ಮುಟ್ಟಿಸುವುದು. ಹಗ್ಗ ಕಡಿದ ಕೂಡಲೆ ಬಾಗಿಲು ಮೇಲಿನಿಂದ ಬೀಳುವುದು. ಮರುದಿನ ಪಳಗಿದ ಆನೆಗಳ ಮೇಲೆ ಮಾವುತರು ಒಳಹೊಕ್ಕು ಒಂದೊಂದರ ಕಾಲಿಗೂ ಹಗ್ಗ ತೊಡಿಸುವರು.

ಇದನ್ನು ನೋಡಲು ಅತಿಥಿಗಳಿಗೆ ಅಟ್ಟಣೆಗಳನ್ನು ಕಟ್ಟುತ್ತಿದ್ದರು. ವಿಕ್ಟೋರಿಯಾ ರಾಣಿಯ ಮೊಮ್ಮಗನಾದ ಆಲ್ಬರ್ಟ್ ವಿಕ್ಟರ್ ರಾಜಕುಮಾರನು 1889ರಲ್ಲಿ ಮೈಸೂರಿಗೆ ಬಂದಾಗ ಅವನಿಗೂ ಖೆಡ್ಡಾ ತೋರಿಸಿದರು. ಮುಂದೆ ವೈಸರಾಯರೂ ಬಂದರು. ಕಾರಾಪುರದ ಮಾವುತನೊಬ್ಬನ ಮಗನಾದ ಸಾಬು ಎಂಬ ಹುಡುಗನು ಇಲ್ಲಿಂದಲೇ ಹೊರಟು, 1937ರಲ್ಲಿ ಬಿಡುಗಡೆಯಾದ 'ಎಲಿಫೆಂಟ್ ಬಾಯ್' ಎಂಬ ಚಲಚ್ಚಿತ್ರದಿಂದ ಜಗತ್ತಿಗೇ ಪರಿಚಿತನಾದನು. ವೈಭವದ ಈ ಚಿತ್ರಗಳನ್ನು ನೋಡುವಾಗ ಮರೆಯಬಾರದ ಮಾತೊಂದುಂಟು. ಹಗ್ಗದ ಗಾಯದಿಂದಲೂ ಕೊರಗಿನಿಂದಲೂ ಸತ್ತ ಆನೆಗಳು ಕಡಮೆಯಲ್ಲ. ಅಟ್ಟಣೆಯ ಮೇಲೆ ಕುಳಿತವರ ಕಣ್ಣಿಗೆ ಅವು ಬೀಳಲಿಲ್ಲ.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಶಾಸನ ಬಂದಿತು. 1974ರ ಹೊತ್ತಿಗೆ ಬೀಚನಹಳ್ಳಿಯ ಬಳಿ ಕಬಿನಿಗೆ ಕಟ್ಟಿದ ಅಣೆಕಟ್ಟು ಮುಗಿದು, ಖೆಡ್ಡಾ ನಡೆದ ನೆಲವೂ ಸುತ್ತಣ ಕಾಡೂ ಹಳ್ಳಿಗಳೂ ಹಿನ್ನೀರಿನಲ್ಲಿ ಮುಳುಗಿದವು. ಕಾಡಿನ ಪಾಲಿಗೆ ಇದು ದೊಡ್ಡ ನಷ್ಟವೆಂದೇ ಎಲ್ಲರೂ ತಿಳಿದಿದ್ದರು, ತಿಳಿದದ್ದು ತಪ್ಪೂ ಅಲ್ಲ. ಆದರೆ ಯಾರೂ ಯೋಜಿಸದ ಒಂದು ಸಂಗತಿ ನಡೆಯಿತು. ಬೇಸಗೆಯಲ್ಲಿ ಕಾಲುವೆಗಳಿಗೆ ನೀರು ಬಿಟ್ಟು ಜಲಾಶಯ ತಗ್ಗಿದಂತೆ, ಬಯಲಾದ ಮಣ್ಣಿನ ಮೇಲೆ ಎಳೆಯ ಹುಲ್ಲು ಚಿಗುರುತ್ತದೆ. ಅದೇ ಕಾಲದಲ್ಲಿ ಒಳಗಾಡಿನ ಹಳ್ಳಕೆರೆಗಳು ಬತ್ತಿರುತ್ತವೆ. ನಾಗರಹೊಳೆ, ಬಂಡೀಪುರ, ವಯನಾಡು ಈ ಮೂರು ಕಡೆಗಳಿಂದಲೂ ಆನೆಯ ಹಿಂಡುಗಳು ಆ ಹುಲ್ಲಿಗೂ ನೀರಿಗೂ ಇಳಿದು ಬರುತ್ತವೆ. ಏಷ್ಯಾ ಖಂಡದಲ್ಲಿ ಕಾಡಾನೆಗಳು ಇಷ್ಟು ಸಂಖ್ಯೆಯಲ್ಲಿ ಒಟ್ಟು ಸೇರುವ ಎಡೆಗಳು ಬಹಳ ಕೆಲವೇ. ಗದ್ದಲದಿಂದ ಅಟ್ಟಿ ತಂದ ದಡಕ್ಕೆ ಇಂದು ಅವು ತಾವಾಗಿಯೇ ಬರುತ್ತವೆ. ಅಟ್ಟಣೆಯ ಬದಲು ದೋಣಿಯಲ್ಲಿ ಕುಳಿತು ನಾವು ನೋಡುತ್ತೇವೆ.

ಈ ಮಾರ್ಪಾಟಿನಲ್ಲಿ ಎಲ್ಲರಿಗೂ ಲಾಭವಾಗಲಿಲ್ಲ. ಕಾಕನೆಂಬ ಕುರುಬ ನಾಯಕನ ಕಥೆಯನ್ನು ಮಾಸ್ತಿಯವರು ನಾಟಕವನ್ನಾಗಿ ಬರೆದಿದ್ದಾರೆ. ಆ ನಾಯಕನ ಜನರೇ ಈ ಕಾಡಿನಿಂದ ಹೊರಬರಬೇಕಾಯಿತು. ಜಲಾಶಯಕ್ಕಾಗಿ ಕೆಲವರು, ಮೃಗಗಳ ರಕ್ಷಣೆಗಾಗಿ ಮತ್ತೆ ಕೆಲವರು. ಹುಣಸೂರಿನ ಕಡೆಯ ನಾಗಾಪುರದಲ್ಲಿ ಅನೇಕ ಕುಟುಂಬಗಳಿಗೆ ನೆಲೆ ಕಲ್ಪಿಸಲಾಯಿತು. ನಾಗರಹೊಳೆಯ ಒಳಗೆ ಪ್ರಸಿದ್ಧ ಹೋಟೆಲ್ ಸಂಸ್ಥೆಯೊಂದು ವಸತಿಗೃಹ ಕಟ್ಟಹೊರಟಾಗ, ನಮ್ಮನ್ನು ಹೊರಗೆ ಕಳುಹಿಸಿ ಅತಿಥಿಗಳನ್ನು ಒಳಗೆ ಕರೆಯುವುದು ಯಾವ ನ್ಯಾಯವೆಂದು ಹಾಡಿಯ ಜನ ಕೇಳಿದರು. 1997ರಲ್ಲಿ ಉಚ್ಚ ನ್ಯಾಯಾಲಯವು ಆ ಕಟ್ಟಡವನ್ನು ತಡೆಯಿತು. 2006ರ ಅರಣ್ಯ ಹಕ್ಕು ಶಾಸನದ ಆಧಾರದಿಂದ ತಮ್ಮ ಹಳೆಯ ನೆಲವನ್ನು ಕೇಳುವ ಅರ್ಜಿಗಳು ಆಮೇಲೆ ಬಂದವು. 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ಕರಡಿಕಲ್ಲಿನ ಬಳಿ ಕಾಡಿನೊಳಕ್ಕೇ ಮರಳಿ ಹೋದವು. ಅದೇ ವರ್ಷದ ನವೆಂಬರಿನಲ್ಲಿ ಸರಗೂರಿನ ಕಡೆ ಹುಲಿಯ ದಾಳಿಗೆ ರೈತರು ಬಲಿಯಾದಾಗ ಸರ್ಕಾರವು ಬಂಡೀಪುರ, ನಾಗರಹೊಳೆಗಳೆರಡರಲ್ಲಿಯೂ ಸಫಾರಿಯನ್ನು ನಿಲ್ಲಿಸಿತು. ನಮ್ಮ ವಿನೋದಕ್ಕಾಗಿ ಓಡುವ ಬಂಡಿಗಳ ಬೆಲೆಯನ್ನು ಕಾಡಂಚಿನ ಹೊಲದವನು ತೆರುತ್ತಿದ್ದಾನೆಯೇ ಎಂಬ ಪ್ರಶ್ನೆ ಆಗ ಎದ್ದದ್ದು ಯೋಗ್ಯವಾದದ್ದೇ. ಆದಕಾರಣ ಹೊರಡುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಅವಶ್ಯ.

ಹೋಗುವುದಾದರೆ ಆನೆಗಳಿಗಾಗಿ ಮಾರ್ಚಿಯಿಂದ ಮೇವರೆಗಿನ ಕಾಲ. ಬಿಸಿಲು ಕಠಿಣ, ಕಾಡೆಲ್ಲ ಒಣಗಿರುತ್ತದೆ, ಕಾಳ್ಗಿಚ್ಚಿನ ಭಯವೂ ಉಂಟು. ಹಸುರನ್ನು ನೋಡಬೇಕೆನ್ನುವವರಿಗೆ ಇದು ಒಗ್ಗದು. ಮಳೆ ಬಿದ್ದ ಮೇಲೆ ಎಲ್ಲೆಲ್ಲಿಯೂ ನೀರಿರುವುದರಿಂದ ಹಿಂಡುಗಳು ಚದರುತ್ತವೆ, ದಡವೂ ಮುಳುಗುತ್ತದೆ. ಕಾರಾಪುರದಲ್ಲಿ ಮಹಾರಾಜರ ಬೇಟೆಯ ಬಂಗಲೆಯೇ ಪ್ರವಾಸಿಗಳ ವಸತಿಯಾಗಿ ಪರಿಣಮಿಸಿದೆ. ಜಲಾಶಯ ತಗ್ಗಿದಾಗ ಮುಳುಗಿದ ಕಾಡಿನ ಮರಗಳ ಒಣ ಬೊಡ್ಡೆಗಳು ನೀರಿನ ಮೇಲೆ ಕಾಣುತ್ತವೆ, ನೀರುಕಾಗೆಗಳು ಅವುಗಳ ಮೇಲೆ ರೆಕ್ಕೆ ಹರಡಿ ಕುಳಿತಿರುತ್ತವೆ. ದೋಣಿಯವನನ್ನು ಕೇಳಿಕೊಂಡು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿರಿ.

ಸಮಯವಿದ್ದರೆ ಮಾನಂದವಾಡಿಯ ರಸ್ತೆಯಲ್ಲಿ ಬಳ್ಳೆಯ ಆನೆ ಶಿಬಿರದವರೆಗೆ ಹೋಗಬಹುದು. 1968ರಲ್ಲಿ ಇದೇ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕ ಅರ್ಜುನನೆಂಬ ಆನೆ ಇಲ್ಲಿದ್ದಿತು. 2012ರಿಂದ 2019ರವರೆಗೆ ಮೈಸೂರಿನ ದಸರೆಯಲ್ಲಿ 750 ಕಿಲೋಗ್ರಾಮಿನ ಚಿನ್ನದ ಅಂಬಾರಿಯನ್ನು ಹೊತ್ತದ್ದು ಇದೇ ಅರ್ಜುನ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕೆಲಸಕ್ಕೆ ಅದನ್ನು ಕರೆದೊಯ್ದರು. ಅಲ್ಲಿ ಎದುರಾದ ಒಂಟಿ ಸಲಗದೊಡನೆ ಹೋರಾಡಿ ಅರ್ಜುನ ಸತ್ತಿತು.