ಒಂದೇ ನಕ್ಷೆಯ ಮನೆ, ಬೇರೆ ಬೇರೆ ಬಿಲ್ಲು

ಒಂದೇ ನಕ್ಷೆ, ಒಂದೇ ಬಗೆಯ ಗೋಡೆ, ಒಂದೇ ಹವೆ. ಆದರೂ ಚಳಿಗಾಲ ಮುಗಿದ ಮೇಲೆ ಲೆಕ್ಕ ತೆಗೆದರೆ ಒಂದು ಮನೆ ಉರಿಸಿದ ಗ್ಯಾಸು ಪಕ್ಕದ ಸಾಲಿನ ಇನ್ನೊಂದು ಮನೆಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಟ್ವಿನ್ ರಿವರ್ಸ್ ಎಂಬ ಬಡಾವಣೆಯಲ್ಲಿ ಎದುರಾದ ಈ ಒಗಟು, ಕಟ್ಟಡಗಳಲ್ಲಿ ಇಂಧನ ಉಳಿಸುವ ವಿದ್ಯೆಗೆ ಬುನಾದಿ ಹಾಕಿತೆಂದರೆ ಅತಿಶಯೋಕ್ತಿಯಲ್ಲ.

ಸುಮಾರು ಮೂರು ಸಾವಿರ ಮನೆಗಳ ಹೊಸ ಬಡಾವಣೆ ಅದು. ಹತ್ತಿರದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ರಾಬರ್ಟ್ ಸೊಕೊಲೊ ಮತ್ತು ಸಂಗಡಿಗರು 1972ರಲ್ಲಿ ಅಲ್ಲಿಯ ಸಾಲುಮನೆಗಳ ಅಧ್ಯಯನಕ್ಕೆ ಕೈಹಾಕಿದರು. ಮರುವರ್ಷ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆ ನಿಲ್ಲಿಸಿದಾಗ ಇಡೀ ಅಮೆರಿಕ ಗಾಬರಿಗೊಂಡಿತು. ಮನೆ ಬೆಚ್ಚಗಿಡಲು ಎಷ್ಟು ಇಂಧನ ಬೇಕು, ಎಷ್ಟು ಪೋಲಾಗುತ್ತಿದೆ ಎಂಬುದು ಒಮ್ಮೆಲೇ ದೇಶದ ಪ್ರಶ್ನೆಯಾಯಿತು. ಉತ್ತರ ಹುಡುಕಲು ವಿಜ್ಞಾನಿಗಳಿಗೆ ಸಿಕ್ಕ ಮೊದಲ ಸಾಮಗ್ರಿಯಾದರೂ ಏನು? ಗ್ಯಾಸ್ ಕಂಪನಿಯವರು ತಿಂಗಳು ತಿಂಗಳು ಮೀಟರು ನೋಡಿ ಬರೆದುಕೊಂಡ ಅಂಕಿಗಳು! ಬಿಲ್ಲು ವಸೂಲಾದ ಮೇಲೆ ಯಾರೂ ತಿರುಗಿ ನೋಡದ ಕಾಗದಗಳು ಸಂಶೋಧನೆಯ ಕಡತಗಳಾದವು.

ಆದರೆ ಬರೀ ಅಂಕಿಗಳನ್ನು ಹೋಲಿಸಿದರೆ ಸಾಲದು. ಒಂದು ವರ್ಷ ಕಡುಚಳಿ, ಇನ್ನೊಂದು ವರ್ಷ ಹದವಾದ ಚಳಿ. ಇದಕ್ಕೆ ಬಳಸಿದ ಅಳತೆಗೋಲು ‘ಡಿಗ್ರಿ ದಿನ’. ಹೊರಗಿನ ಸರಾಸರಿ ಉಷ್ಣತೆ 18 ಡಿಗ್ರಿ ಸೆಲ್ಸಿಯಸ್‌ಗಿಂತ ಎಷ್ಟು ಕೆಳಗಿಳಿಯಿತೋ ಅಷ್ಟು ಅಂಕ. 8 ಡಿಗ್ರಿಯ ದಿನಕ್ಕೆ ಹತ್ತು ಅಂಕ. ಹೀಗೆ ದಿನದಿನದ ಅಂಕಗಳನ್ನು ಕೂಡಿಸಿದರೆ ಆ ಚಳಿಗಾಲದ ಒಟ್ಟು ಚಳಿ ಲೆಕ್ಕಕ್ಕೆ ಸಿಗುತ್ತದೆ. ಈ ಜಾತಿಯ ಲೆಕ್ಕಕ್ಕೆ 1878ರಲ್ಲೇ ದಾರಿ ತೋರಿದವನು ಭಾರತದಲ್ಲಿ ಕಾಲುವೆ, ಲೋಕೋಪಯೋಗಿ ಕೆಲಸಗಳಲ್ಲಿ ಆಯುಷ್ಯ ಸವೆಸಿದ ಬ್ರಿಟಿಷ್ ಇಂಜಿನಿಯರ್ ರಿಚರ್ಡ್ ಸ್ಟ್ರಾಚಿ. ಅವನ ಉದ್ದೇಶ ಬೆಳೆಗೆ ದೊರೆಯುವ ಶಾಖವನ್ನು ಅಳೆಯುವುದಾಗಿತ್ತು; ಮನೆಯ ಗ್ಯಾಸಿನ ಬಿಲ್ಲು ಅವನ ಕನಸಿನಲ್ಲೂ ಇದ್ದಿರಲಾರದು.

ಚಳಿಯ ಲೆಕ್ಕ ಸರಿಹೋದ ಮೇಲೂ ಮನೆಮನೆಗಳ ನಡುವಿನ ವ್ಯತ್ಯಾಸ ಉಳಿಯಿತು. ದೋಷ ಮನೆಯದೋ, ಮನೆಯವರದೋ? ಪ್ರಶ್ನೆ ಬರೀ ಕುತೂಹಲದ್ದಲ್ಲ. ಮನೆಯದಾದರೆ ಕಟ್ಟಿದವರನ್ನು ಕೇಳಬೇಕು, ಕಾನೂನು ಬಿಗಿಯಾಗಬೇಕು; ಜನರದಾದರೆ ಉಪದೇಶವೇ ಗತಿ. ರಾಬರ್ಟ್ ಸೊಂಡರೆಗ್ಗರ್ ಇದನ್ನು ಜಾಣತನದಿಂದ ಬಿಡಿಸಿದರು. 205 ಮನೆಗಳಲ್ಲಿ ಕೆಲವದರ ಒಕ್ಕಲು ನಡುವೆ ಬದಲಾಗಿತ್ತು, ಉಳಿದವುಗಳಲ್ಲಿ ಹಳಬರೇ ಇದ್ದರು. ಒಕ್ಕಲು ಬದಲಾದರೂ ಗ್ಯಾಸಿನ ಖರ್ಚು ಮೊದಲಿನಂತೆಯೇ ಇದ್ದರೆ ಕಾರಣ ಗೋಡೆಯಲ್ಲಿದೆ. ಬದಲಾದರೆ ಕಾರಣ ಜನರಲ್ಲಿದೆ. 1978ರಲ್ಲಿ ಪ್ರಕಟವಾದ ಫಲಿತಾಂಶ ಯಾರನ್ನೂ ಪೂರ್ತಿ ದೋಷಮುಕ್ತ ಮಾಡಲಿಲ್ಲ. ವ್ಯತ್ಯಾಸದ ಅರ್ಧಕ್ಕಿಂತ ತುಸು ಹೆಚ್ಚಿನ ಭಾಗ ಕೋಣೆಗಳ ಸಂಖ್ಯೆ, ಕಿಟಕಿಯ ಗಾಜು, ಸಾಲಿನ ಕೊನೆಯ ಮನೆ ಎಂಬಂಥ ಕಣ್ಣಿಗೆ ಕಾಣುವ ಕಾರಣಗಳದು. ಮಿಕ್ಕಿದ್ದರಲ್ಲಿ ಹೆಚ್ಚಿನ ಪಾಲು ವಾಸವಿದ್ದವರ ರೂಢಿಯದು.

ಗೋಡೆಯ ದೋಷ ಸಿಕ್ಕಿಬಿದ್ದ ಬಗೆ ಪತ್ತೇದಾರಿ ಕಥೆಯಂತಿದೆ. ಈ ಮನೆಗಳ ಅಟ್ಟದ ನೆಲಕ್ಕೆ ಶಾಖ ತಡೆಯುವ ನಾರುಗಾಜಿನ ಹಾಸು ಹಾಕಿತ್ತು. ಆದ್ದರಿಂದ ಚಳಿಗಾಲದಲ್ಲಿ ಅಟ್ಟ ಹೆಚ್ಚು ಕಡಿಮೆ ಹೊರಗಿನಷ್ಟೇ ತಣ್ಣಗಿರಬೇಕು. ಉಷ್ಣಮಾಪಕ ಇಟ್ಟು ನೋಡಿದರೆ ಅಟ್ಟ ಬೆಚ್ಚಗಿದೆ! ಪುಸ್ತಕದ ಲೆಕ್ಕಕ್ಕಿಂತ ಹಲವು ಪಟ್ಟು ಶಾಖ ಮೇಲಕ್ಕೆ ಹೋಗುತ್ತಿತ್ತು. ಹುಡುಕಿದಾಗ ತಿಳಿಯಿತು: ನೆಲಮಾಳಿಗೆಯ ಫರ್ನೇಸಿನಿಂದ ಮೇಲೇರುವ ಹೊಗೆಕೊಳವೆಯ ಸುತ್ತ ತೆರೆದ ಸಂದಿ, ಎರಡು ಮನೆಗಳ ನಡುವಿನ ಗೋಡೆಯ ಟೊಳ್ಳು ಕಾಂಕ್ರೀಟ್ ಇಟ್ಟಿಗೆಗಳೊಳಗೆ ಕೆಳಗಿನಿಂದ ಅಟ್ಟದವರೆಗೂ ಗಾಳಿಗೆ ರಾಜಮಾರ್ಗ. ನಾರುಗಾಜಿನ ಹಾಸನ್ನು ಎಷ್ಟು ದಪ್ಪ ಮಾಡಿದರೂ ಪ್ರಯೋಜನವಿರಲಿಲ್ಲ, ಶಾಖ ಅದನ್ನು ಬಳಸಿಕೊಂಡು ಹೋಗುತ್ತಿತ್ತು. ನಕ್ಷೆಯಲ್ಲಿ ಈ ದಾರಿಗಳು ಇರಲೇ ಇಲ್ಲ. ಬಾಗಿಲ ಚೌಕಟ್ಟಿಗೆ ದೊಡ್ಡ ಫ್ಯಾನು ಕೂಡಿಸಿ, ಗಾಳಿಯ ಒತ್ತಡ ಬದಲಿಸಿ ಸಂದುಗೊಂದು ಪತ್ತೆಮಾಡುವ ವಿಧಾನವನ್ನು ಇದೇ ತಂಡ ಬೆಳೆಸಿತು. ಇದರಲ್ಲಿ ಡೇವಿಡ್ ಹಾರ್ಜೆ, ಗೌತಮ್ ದತ್ ಮೊದಲಾದವರ ಪಾತ್ರ ದೊಡ್ಡದು. ಇಂಥ ಉಪಕರಣ ಹಿಡಿದು ಮನೆಯ ಕಾಯಿಲೆ ಹುಡುಕಲು ಹೋಗುವವರಿಗೆ ‘ಮನೆ ವೈದ್ಯ’ರೆಂಬ ಹೆಸರೂ ಬಂತು. ಫ್ರಾಂಕ್ ಸಿಂಡನ್ ಒಂದು ಮನೆಯನ್ನು ಪೂರ್ತಿ ದುರಸ್ತಿ ಮಾಡಿ, ಅದನ್ನು ಬೆಚ್ಚಗಿಡಲು ಬೇಕಾದ ಶಾಖವನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿ ತೋರಿಸಿದರು.

ಜನರ ರೂಢಿಯ ಕಡೆಗೆ ಮನಶ್ಶಾಸ್ತ್ರಜ್ಞರು ತಿರುಗಿದರು. ಕ್ಲೈವ್ ಸೆಲಿಗ್‌ಮನ್ ಮತ್ತು ಜಾನ್ ಡಾರ್ಲಿ ಬೇಸಿಗೆಯಲ್ಲಿ ಸುಮಾರು ಒಂದು ತಿಂಗಳು, ವಾರಕ್ಕೆ ನಾಲ್ಕು ಸಲ, ಕೆಲವು ಮನೆಗಳವರಿಗೆ ಅವರ ವಿದ್ಯುತ್ ಬಳಕೆಯ ಅಂಕಿ ತೋರಿಸಿದರು. ಅಷ್ಟಕ್ಕೇ ಆ ಮನೆಗಳ ಬಳಕೆ ಅಂಕಿ ಕಾಣದವರದಕ್ಕಿಂತ ಶೇ. 10.5ರಷ್ಟು ಕಡಿಮೆಯಾಯಿತು. ಇನ್ನೊಂದು ಪ್ರಯೋಗ ಇನ್ನೂ ಸರಳ. ಹೊರಗೆ ತಂಪಾಗಿದ್ದರೂ ಹವಾನಿಯಂತ್ರಕ ಓಡುತ್ತಿದ್ದರೆ ಅಡುಗೆಮನೆಯಲ್ಲಿ ಒಂದು ದೀಪ ಮಿನುಗುತ್ತಿತ್ತು. ಯಂತ್ರ ಆರಿಸುವವರೆಗೂ ಬಿಡುತ್ತಿರಲಿಲ್ಲ. ಉಳಿತಾಯ ಶೇ. 15.7. ಇದರಲ್ಲಿ ಉಪದೇಶದ ಒಂದು ಮಾತೂ ಇರಲಿಲ್ಲವೆಂಬುದು ಗಮನಾರ್ಹ.

ಬಾಡಿಗೆ ಕಟ್ಟಡಗಳಲ್ಲಿ ಕಷ್ಟ ಬೇರೆ. ಇಡೀ ಕಟ್ಟಡಕ್ಕೆ ಒಂದೇ ಮೀಟರಿದ್ದು ಮಾಲೀಕನೇ ಹಣ ಕಟ್ಟುವಾಗ ಬಾಡಿಗೆದಾರನಿಗೆ ಅಂಕಿಯೂ ಕಾಣದು, ಬಿಸಿಯೂ ತಟ್ಟದು. ಹೊಸ ಕಟ್ಟಡಗಳಲ್ಲಿ ವಿದ್ಯುತ್ತಿಗೆ ಇಂಥ ಸಾಮೂಹಿಕ ಮೀಟರನ್ನು ನಿರ್ಬಂಧಿಸುವ ವಿಧಿ 1978ರ ಅಮೆರಿಕದ ಕಾಯಿದೆಯಲ್ಲಿ ಸೇರಿತು. ಬಿಲ್ಲು ಮತ್ತು ಹವೆಯ ಅಂಕಿಗಳಿಂದಲೇ ಒಂದು ಕಟ್ಟಡದ ನಿಜವಾದ ಉಳಿತಾಯ ಹೇಳುವ ಪ್ರಿಸ್ಮ್ ಎಂಬ ಲೆಕ್ಕಕ್ರಮವನ್ನು ಪ್ರಿನ್ಸ್‌ಟನ್ನಿನ ಮಾರ್ಗರೆಟ್ ಫೆಲ್ಸ್ 1986ರಲ್ಲಿ ವಿವರವಾಗಿ ಮಂಡಿಸಿದರು. ದುರಸ್ತಿ ಮಾಡಿದ ಗುತ್ತಿಗೆದಾರನ ಮಾತನ್ನೇ ನಂಬಬೇಕಾದ ಸ್ಥಿತಿ ಅಲ್ಲಿಗೆ ತಪ್ಪಿತು.

ಪ್ರಿನ್ಸ್‌ಟನ್ನಿನ ಈ ಬಳಗಕ್ಕೂ ಬೆಂಗಳೂರಿಗೂ ನಂಟುಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಅಲ್ಲಿಯ ರಾಬರ್ಟ್ ವಿಲಿಯಮ್ಸ್ ಮತ್ತಿತರರೊಂದಿಗೆ ಶಕ್ತಿಯ ಕುರಿತು 1988ರಲ್ಲಿ ಹೆಸರಾಂತ ಗ್ರಂಥ ಬರೆದರು. ಅದಕ್ಕೂ ಮುಂಚೆ, 1970ರ ದಶಕದಲ್ಲಿ, ಅವರ ತಂಡ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಮನೆಮನೆಗೆ ಹೋಗಿ ಶಕ್ತಿಯ ಲೆಕ್ಕ ತೆಗೆದಿತ್ತು. ಅಲ್ಲಿ ಓದಲು ಗ್ಯಾಸಿನ ಮೀಟರುಗಳಿರಲಿಲ್ಲ. ಊರು ಬಳಸುವ ಶಕ್ತಿಯ ಬಹುಪಾಲು ಸೌದೆಯದೆಂದೂ, ಅದರಲ್ಲಿ ಹೆಚ್ಚಿನದು ಅಡುಗೆ ಒಲೆಯಲ್ಲೇ ಉರಿದುಹೋಗುತ್ತದೆಂದೂ ಆ ಲೆಕ್ಕ ತೋರಿಸಿತು. ಮುಂದೆ ಕರ್ನಾಟಕದ ವಿದ್ಯುತ್ ಬೇಡಿಕೆಗೆ ರೆಡ್ಡಿಯವರ ತಂಡ ಪರ್ಯಾಯ ಯೋಜನೆ ಹಾಕಿದಾಗ ಹೊಸ ವಿದ್ಯುತ್ ಸ್ಥಾವರಗಳ ಸಾಲಿನಲ್ಲೇ ಮನೆಯ ಬಲ್ಬು, ಸ್ನಾನದ ನೀರಿನ ಹೀಟರು, ಹೊಲದ ಪಂಪ್‌ಸೆಟ್ಟುಗಳಿಂದ ಆಗಬಹುದಾದ ಉಳಿತಾಯವೂ ಜಮಾ ಕಲಮಿಗೆ ಬಂದಿತ್ತು.