ಹಲ್ ಹೌಸಿನ ನೆರೆಹೊರೆ: ಔದ್ಯೋಗಿಕ ಚಿಕಿತ್ಸೆಯ ಉಗಮವನ್ನು ಕುರಿತು ಒಂದು ವಿಚಾರ

ಔದ್ಯೋಗಿಕ ಚಿಕಿತ್ಸೆಯ ಇತಿಹಾಸವನ್ನು ಬರೆಯುವವರು ಅದನ್ನು 1917ನೆಯ ಇಸವಿಯ ಮಾರ್ಚ್ ತಿಂಗಳಿನಿಂದ ಆರಂಭಿಸುವುದು ವಾಡಿಕೆಯಾಗಿದೆ. ಆ ತಿಂಗಳಿನಲ್ಲಿ ನ್ಯೂ ಯಾರ್ಕ್ ಸಂಸ್ಥಾನದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನಲ್ಲಿ, ಜಾರ್ಜ್ ಎಡ್ವರ್ಡ್ ಬಾರ್ಟನ್ ಎಂಬ ವಾಸ್ತುಶಿಲ್ಪಿಯ ಮನೆಯಲ್ಲಿ, ಆರು ಮಂದಿ ಕಲೆತು ಈ ವಿದ್ಯೆಯ ಅಭಿವೃದ್ಧಿಗಾಗಿ ಒಂದು ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ಸಂಘದ ಹುಟ್ಟಿಗೆ ದಿನಾಂಕವುಂಟು, ಸ್ಥಾಪಕರ ಭಾವಚಿತ್ರವೂ ಉಂಟು. ಆದರೆ ವಿದ್ಯೆಯೊಂದು ಹುಟ್ಟಿದ ದಿನವೂ ಅದನ್ನು ಕಾಪಾಡುವ ಸಂಘವು ಹುಟ್ಟಿದ ದಿನವೂ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಆ ಆರು ಮಂದಿಯಲ್ಲಿ ಒಬ್ಬರಾದ ಎಲಿನಾರ್ ಕ್ಲಾರ್ಕ್ ಸ್ಲೇಗಲ್ ಅವರು ಈ ವಿದ್ಯೆಯನ್ನು ಕಲಿತದ್ದು ಷಿಕಾಗೋ ನಗರದಲ್ಲಿ. ಅವರ ಹೆಜ್ಜೆಯ ಜಾಡನ್ನು ಹಿಡಿದು ಹಿಂದಕ್ಕೆ ಹೋದರೆ ನಾವು ತಲುಪುವುದು ಆಸ್ಪತ್ರೆಯನ್ನಲ್ಲ, ಬಡವರ ಕೇರಿಯೊಂದನ್ನು.

ಮುಂದುವರಿಯುವ ಮೊದಲು ಹೆಸರಿನ ಬಗೆಗೆ ಒಂದು ಮಾತು. ರೋಗದಿಂದಲೋ ಅಪಘಾತದಿಂದಲೋ ಮನೋವ್ಯಾಧಿಯಿಂದಲೋ ಕುಂದಿದವರನ್ನು, ಅವರಿಗೆ ಬೇಕಾದ ಮತ್ತು ಅವರಿಗೆ ಅರ್ಥವುಳ್ಳ ಕೆಲಸಗಳ ಮೂಲಕವೇ ನಿತ್ಯದ ಬಾಳಿಗೆ ಮರಳಿಸುವುದು ಈ ಚಿಕಿತ್ಸೆಯ ಗುರಿ. ಕನ್ನಡದಲ್ಲಿ ಉದ್ಯೋಗವೆಂದೊಡನೆ ಸಂಬಳದ ನೌಕರಿ ನೆನಪಿಗೆ ಬರುತ್ತದೆ. ಇಲ್ಲಿ ಆ ಅರ್ಥವಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುವುದು, ಅಡಿಗೆ ಮಾಡುವುದು, ನೂಲುವುದು, ಆಡುವುದು, ಇವೆಲ್ಲವೂ ಇಲ್ಲಿ ಉದ್ಯೋಗವೇ.

1889ರ ಸೆಪ್ಟೆಂಬರಿನಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಇಬ್ಬರು ವಿದ್ಯಾವಂತ ಸ್ತ್ರೀಯರು ಷಿಕಾಗೋ ನಗರದ ಹಾಲ್‌ಸ್ಟೆಡ್ ಬೀದಿಯ ಒಂದು ಹಳೆಯ ಬಂಗಲೆಯಲ್ಲಿ ನೆಲಸಿದರು. ಆ ಮನೆಯನ್ನು ಕಟ್ಟಿಸಿದ ಚಾರ್ಲ್ಸ್ ಹಲ್ ಎಂಬವರ ಹೆಸರಿನಿಂದ ಅದಕ್ಕೆ ಹಲ್ ಹೌಸ್ ಎಂಬ ಹೆಸರಾಯಿತು. ಹಿಂದಿನ ವರ್ಷ ಆಡಮ್ಸ್ ಅವರು ಲಂಡನ್ನಿನ ಟಾಯ್ನ್‌ಬೀ ಹಾಲನ್ನು ಕಂಡು ಬಂದಿದ್ದರು. 1884ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳ ಯುವಕರು ಬಡವರ ನಡುವೆ ವಾಸಮಾಡುತ್ತಿದ್ದರು. ಹಲ್ ಹೌಸಿನ ಸುತ್ತ ಇದ್ದವರು ಇಟಲಿ, ಗ್ರೀಸ್, ಜರ್ಮನಿ, ಬೊಹೀಮಿಯ, ಐರ್ಲೆಂಡ್ ದೇಶಗಳಿಂದ ಬಂದ ಕೂಲಿಕಾರರು ಮತ್ತು ರಷ್ಯದಿಂದ ಬಂದ ಯೆಹೂದ್ಯರು. ಬಟ್ಟೆ ಹೊಲಿಯುವ ಕೆಲಸವನ್ನು ಮನೆಗಳ ಕತ್ತಲೆಯ ಕೋಣೆಗಳಲ್ಲಿ ಹೆಂಗಸರೂ ಮಕ್ಕಳೂ ಅತಿ ಕಡಿಮೆಯ ಕೂಲಿಗೆ ಮಾಡುತ್ತಿದ್ದರು.

1895ರಲ್ಲಿ ಈ ಕೇರಿಯನ್ನು ಕುರಿತು ಹಲ್ ಹೌಸಿನಿಂದ ನಕ್ಷೆಗಳ ಮತ್ತು ಪ್ರಬಂಧಗಳ ಒಂದು ಗ್ರಂಥವು ಹೊರಬಂದಿತು. ಯಾವ ಮನೆಯಲ್ಲಿ ಯಾವ ದೇಶದವರು ಇದ್ದಾರೆ, ವಾರಕ್ಕೆ ಎಷ್ಟು ಸಂಪಾದಿಸುತ್ತಾರೆ ಎಂಬುದನ್ನು ಅದರಲ್ಲಿ ಬಣ್ಣಗಳಿಂದ ತೋರಿಸಲಾಗಿದೆ. ಅತ್ಯಂತ ಕಡಿಮೆ ಸಂಪಾದನೆಗೆ ಕಪ್ಪು ಬಣ್ಣ. ಅಮೆರಿಕದ ಸಮಾಜಶಾಸ್ತ್ರಕ್ಕೆ ಇದು ಅಡಿಗಲ್ಲಾಯಿತೆಂಬುದು ನಿರ್ವಿವಾದ. ಆದರೆ ಗ್ರಂಥಕರ್ತರ ಹೆಸರಿನ ಜಾಗದಲ್ಲಿ ‘ಹಲ್ ಹೌಸಿನ ನಿವಾಸಿಗಳು’ ಎಂದಿರುವುದನ್ನು ವಿದ್ಯಾರ್ಥಿಗಳು ಎಚ್ಚರದಿಂದ ಓದಬೇಕು. ಆ ಮನೆಯ ಪರಿಭಾಷೆಯಲ್ಲಿ ನಿವಾಸಿಯೆಂದರೆ ಹೊರಗಿನಿಂದ ಬಂದು ಬಂಗಲೆಯಲ್ಲಿ ತಂಗಿದ್ದ ವಿದ್ಯಾವಂತ. ಕೇರಿಯಲ್ಲಿಯೇ ಬಾಳುತ್ತಿದ್ದವರು ನಿವಾಸಿಗಳಲ್ಲ, ‘ನೆರೆಯವರು’. ನೆರೆಯವರ ಬದುಕು ನಕ್ಷೆಯಲ್ಲಿ ಬಣ್ಣವಾಯಿತು, ನಿವಾಸಿಗಳ ಹೆಸರು ಮುಖಪುಟದಲ್ಲಿ ಅಚ್ಚಾಯಿತು. ಇದನ್ನು ನಾವು ನಿಂದೆಯಾಗಿ ಹೇಳುತ್ತಿಲ್ಲ. ಅದೇ ವರ್ಷ ಷಿಕಾಗೋ ವಿಶ್ವವಿದ್ಯಾನಿಲಯವು ಹಲ್ ಹೌಸನ್ನು ತನ್ನೊಡನೆ ಸೇರಿಸಿಕೊಳ್ಳುವ ಸೂಚನೆಯನ್ನು ಮುಂದಿಟ್ಟಾಗ ಆಡಮ್ಸ್ ಅವರು ಒಪ್ಪಲಿಲ್ಲ. ವಿಶ್ವವಿದ್ಯಾನಿಲಯದ ಸ್ನೇಹ ಬೇಕು, ಒಡೆತನ ಬೇಡ ಎಂಬುದು ಅವರ ನಿಲುವಾಗಿದ್ದಿತು. ಈ ನಿರಾಕರಣೆಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಸ್ನೇಹವಂತೂ ಗಾಢವಾಗಿಯೇ ಇದ್ದಿತು. 1894ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಬಂದ ತತ್ತ್ವಶಾಸ್ತ್ರಜ್ಞ ಜಾನ್ ಡ್ಯೂಯಿ ಅವರು ಹಲ್ ಹೌಸಿನಲ್ಲಿ ಉಪನ್ಯಾಸಗಳನ್ನು ಮಾಡಿದರು, ಅದರ ಆಡಳಿತ ಮಂಡಳಿಯಲ್ಲಿಯೂ ಇದ್ದರು. (ಮುಂದೆ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಅಂಬೇಡ್ಕರರಿಗೆ ಗುರುಗಳಾದ ಡ್ಯೂಯಿ ಇವರೇ.) ವಿಶ್ವವಿದ್ಯಾನಿಲಯದಲ್ಲಿ ಅವರು 1896ರಲ್ಲಿ ತೆರೆದ ಪ್ರಯೋಗಶಾಲೆಯಲ್ಲಿ ಮಕ್ಕಳು ಪಾಠದ ಅಂಗವಾಗಿ ಹತ್ತಿ ಬಿಡಿಸುತ್ತಿದ್ದರು, ಉಣ್ಣೆ ನೂಲುತ್ತಿದ್ದರು. ಹತ್ತಿಯಿಂದ ಬೀಜವನ್ನು ಕೈಯಿಂದ ಬಿಡಿಸುವುದು ಎಷ್ಟು ಪ್ರಯಾಸದ ಕೆಲಸವೆಂದು ಕಂಡ ಮಕ್ಕಳಿಗೆ, ಉಣ್ಣೆಯ ಕೈಗಾರಿಕೆಗಿಂತ ಹತ್ತಿಯ ಕೈಗಾರಿಕೆ ಏಕೆ ತಡವಾಗಿ ಬೆಳೆಯಿತೆಂಬುದು ತಾನಾಗಿಯೇ ತಿಳಿಯುತ್ತಿತ್ತು. ಕೆಲಸವೇ ಅರಿವಿನ ದಾರಿ ಎಂಬ ಸಿದ್ಧಾಂತವು ಹೀಗೆ ರೂಪುಗೊಂಡಿತೆಂದು ಶಿಕ್ಷಣಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಹೇಳುವುದು ಸರಿಯೇ. ಆದರೆ ಅಲ್ಲಿಂದ ಕೆಲವೇ ಮೈಲಿಗಳ ದೂರದಲ್ಲಿ, ನೂಲುವುದನ್ನು ಯಾವ ಶಾಲೆಯಿಂದಲೂ ಕಲಿಯದೆ ತಾಯಿಯ ಪಕ್ಕದಲ್ಲಿ ಕುಳಿತು ಕಲಿತಿದ್ದ ನೂರಾರು ಮುದುಕಿಯರು ಕೈಕಟ್ಟಿ ಕುಳಿತಿದ್ದರು.

ಅವರಲ್ಲಿ ಒಬ್ಬಳನ್ನು ಆಡಮ್ಸ್ ಅವರು ಪೋಕ್ ಬೀದಿಯಲ್ಲಿ ಕಂಡರು. ಮನೆಯ ಮುಂದೆ ಕುಳಿತ ಇಟಲಿಯ ಆ ವೃದ್ಧೆ, ನಮ್ಮ ತಕಲಿಯನ್ನು ಹೋಲುವ ಬರಿಯ ಕಡ್ಡಿಯ ಕದಿರಿನಿಂದ ನೂಲು ತೆಗೆಯುತ್ತಿದ್ದಳು. ಈ ನೋಟದಿಂದ ಹಲ್ ಹೌಸಿನಲ್ಲಿ 1900ರಲ್ಲಿ ‘ಶ್ರಮ ವಸ್ತುಸಂಗ್ರಹಾಲಯ’ವು ಹುಟ್ಟಿತು. ಗಾಜಿನ ಪೆಟ್ಟಿಗೆಗಳ ಸಂಗ್ರಹಾಲಯವಲ್ಲ ಅದು. ಶನಿವಾರದ ಸಂಜೆ ನೆರೆಯ ಹೆಂಗಸರು ಬಂದು ತಮ್ಮ ತಮ್ಮ ದೇಶದ ಕದಿರು ರಾಟೆಗಳಿಂದ ನೂತು ತೋರಿಸುವ ಸ್ಥಳ. ಆಡಮ್ಸ್ ಅವರ 1910ರ ಆತ್ಮಕಥೆಯಲ್ಲಿ ಆಂಜೆಲೀನ ಎಂಬ ಹುಡುಗಿಯ ಪ್ರಸಂಗವಿದೆ. ಅವಳು ಅಡಿಗೆಯ ತರಗತಿಗೆ ಬರುತ್ತಿದ್ದಳು, ತಾಯಿ ನೂಲಲು ಬರುತ್ತಿದ್ದಳು. ತಲೆಗೆ ವಸ್ತ್ರ ಕಟ್ಟಿ ಒರಟು ಬೂಟು ಮೆಟ್ಟಿದ ತಾಯಿಯೊಡನೆ ಕಾಣಿಸಿಕೊಳ್ಳಲು ನಾಚಿ ಮಗಳು ಬೇರೆ ಬಾಗಿಲಿನಿಂದ ಒಳಗೆ ಹೋಗುತ್ತಿದ್ದಳು. ಒಂದು ಸಂಜೆ ಶಿಕ್ಷಣ ವಿಭಾಗದಿಂದ ಬಂದವರು ತಾಯಿಯ ಸುತ್ತ ನಿಂತು ಅವಳ ಕೈಚಳಕವನ್ನು ಕೊಂಡಾಡುತ್ತಿದ್ದುದನ್ನು ಅವಳು ಕಂಡಳು. ಕದಿರಿನಿಂದ ನೂಲುವುದರಲ್ಲಿ ತನ್ನ ತಾಯಿಗೆ ಅಮೆರಿಕದಲ್ಲಿಯೇ ಸಮಾನರಿಲ್ಲವೆಂದು ಭಾವಿಸಿಕೊಂಡಳು. ಆ ಬಳಿಕ ತಾಯಿ ಮಗಳಿಬ್ಬರೂ ಒಂದೇ ಬಾಗಿಲಿನಿಂದ ಬರತೊಡಗಿದರು. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಅಡಗಿಸಿಟ್ಟಿದ್ದ ಕೈನೂಲಿನ ಉಡುಪುಗಳೂ ಹೊರಗೆ ಬಂದುವು.

ಔದ್ಯೋಗಿಕ ಚಿಕಿತ್ಸೆಯ ಬೀಜವು ಈ ಪ್ರಸಂಗದಲ್ಲಿದೆಯೆಂದು ನಮಗೆ ತೋರುತ್ತದೆ. ಇಲ್ಲಿ ರೋಗಿಯಿಲ್ಲ, ವೈದ್ಯನಿಲ್ಲ, ಔಷಧವಿಲ್ಲ. ನೆಲ ಬದಲಾದಾಗ ಕೈಗೆ ಕೆಲಸ ತಪ್ಪಿ, ಕೆಲಸದೊಡನೆ ಮಾನವೂ ತಪ್ಪಿದ್ದ ಒಬ್ಬಳಿಗೆ ಎರಡೂ ಮರಳಿ ದೊರಕಿದುವು. ಮರಳಿ ದೊರಕಿದುದು ಅವಳದೇ ವಿದ್ಯೆಯ ಬಲದಿಂದ, ವಿಶ್ವವಿದ್ಯಾನಿಲಯದವರು ಕಲಿಯುವ ಸ್ಥಾನದಲ್ಲಿ ನಿಂತುದರಿಂದ. ಆದರೂ ಆ ಪ್ರಸಂಗದಲ್ಲಿ ಮಗಳ ಹೆಸರು ಬರುತ್ತದೆ, ತಾಯಿಯ ಹೆಸರು ಬರುವುದಿಲ್ಲ.

ಬೀದಿಯಿಂದ ಆಸ್ಪತ್ರೆಗೆ ಈ ಅರಿವನ್ನು ಒಯ್ದವರು ಹಲ್ ಹೌಸಿನ ಮತ್ತೊಬ್ಬ ನಿವಾಸಿ ಜೂಲಿಯ ಲೇಥ್ರಪ್. ಇಲಿನಾಯ್ ಸಂಸ್ಥಾನದ ಧರ್ಮಸಂಸ್ಥೆಗಳ ಮಂಡಳಿಗೆ 1893ರಲ್ಲಿ ನೇಮಕವಾದ ಅವರು ಸಂಸ್ಥಾನದ 102 ಜಿಲ್ಲೆಗಳ ಅನಾಥಾಲಯ ಬಡವರ ಮನೆಗಳನ್ನೆಲ್ಲ ಸ್ವತಃ ಸುತ್ತಿ, ಮನೋರೋಗಿಗಳು ವರ್ಷಾನುಗಟ್ಟಲೆ ಏನೂ ಮಾಡದೆ ಗೋಡೆ ನೋಡುತ್ತ ಕುಳಿತಿರುವುದನ್ನು ಕಂಡರು. 1908ರಲ್ಲಿ ಷಿಕಾಗೋದ ಪೌರಶಾಸ್ತ್ರ ಮತ್ತು ಲೋಕೋಪಕಾರ ವಿದ್ಯಾಶಾಲೆಯಲ್ಲಿ ಹುಚ್ಚಾಸ್ಪತ್ರೆಯ ಪರಿಚಾರಕರಿಗಾಗಿ ಕೈಕೆಲಸ, ಆಟಪಾಟಗಳ ಒಂದು ತರಗತಿಯು ಆರಂಭವಾದುದು ಅವರ ಪ್ರಯತ್ನದ ಫಲ. ಕೆಲವು ವರ್ಷಗಳ ಬಳಿಕ ಆ ವಿದ್ಯಾಶಾಲೆಯಲ್ಲಿ ಕಲಿತವರು ಸ್ಲೇಗಲ್. ಅವರು ಅಲ್ಲಿಂದ ಬಾಲ್ಟಿಮೋರಿಗೆ ಹೋಗಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಅಡಾಲ್ಫ್ ಮೆಯರ್ ಎಂಬ ಮನೋವೈದ್ಯರ ಕೈಕೆಳಗೆ ಕೆಲಸಮಾಡಿದರು. ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಮೆಯರ್ ಹಿಂದೆ ಇಲಿನಾಯ್ ಸಂಸ್ಥಾನದ ಕಾಂಕಕೀ ಆಸ್ಪತ್ರೆಯಲ್ಲಿದ್ದವರು, ಲೇಥ್ರಪ್ ಅವರನ್ನು ಬಲ್ಲವರು. ಕೆಲಸ, ಆಟ, ವಿಶ್ರಾಂತಿ, ನಿದ್ರೆ ಈ ನಾಲ್ಕರ ಹದ ತಪ್ಪುವುದೇ ಅನೇಕ ಮನೋವ್ಯಾಧಿಗಳ ಲಕ್ಷಣವೆಂದೂ, ಹದವನ್ನು ಮಾತಿನಿಂದಲ್ಲ, ಮಾಡಿಯೇ ಮರಳಿ ಪಡೆಯಬೇಕೆಂದೂ ಮೆಯರ್ 1921ರ ಒಂದು ಭಾಷಣದಲ್ಲಿ ಪ್ರತಿಪಾದಿಸಿದರು. ಅದು ಈ ಶಾಸ್ತ್ರದ ಮೂಲಪಾಠಗಳಲ್ಲಿ ಒಂದೆನಿಸಿದೆ. 1915ರಲ್ಲಿ ಷಿಕಾಗೋಗೆ ಹಿಂದಿರುಗಿದ ಸ್ಲೇಗಲ್ ಅವರು ಹಲ್ ಹೌಸಿನ ಆಶ್ರಯದಲ್ಲಿಯೇ ಹೆನ್ರಿ ಫೇವಿಲ್ ಶಾಲೆಯನ್ನು ನಡೆಸಿ ಔದ್ಯೋಗಿಕ ಚಿಕಿತ್ಸಕರಿಗೆ ಶಿಕ್ಷಣ ಕೊಟ್ಟರು.

ಮುಂದಿನದು ಎಲ್ಲರೂ ಬಲ್ಲ ಕಥೆ. ಮೊದಲನೆಯ ಮಹಾಯುದ್ಧವು ಗಾಯಾಳುಗಳನ್ನು ತಂದಿತು, ಗಾಯಾಳುಗಳು ಆಸ್ಪತ್ರೆಗಳನ್ನು ತುಂಬಿದರು, ಚಿಕಿತ್ಸಕರು ಬಿಳಿಯ ಉಡುಪು ತೊಟ್ಟು ಅವರ ಹಿಂದೆ ಹೋದರು. ವಿದ್ಯೆಗೆ ಗೌರವ ಬಂದಿತು, ಕೇರಿ ಮರೆಯಾಯಿತು. ನಮ್ಮ ದೇಶಕ್ಕೆ ಇದು ಬಂದದ್ದೂ ಆಸ್ಪತ್ರೆಯ ಮೂಲಕವೇ: ಅಮೆರಿಕದಲ್ಲಿ ಹುಟ್ಟಿ ಭಾರತೀಯರನ್ನು ವಿವಾಹವಾಗಿ ಇಲ್ಲಿಯವರೇ ಆದ ಕಮಲಾ ನಿಂಬ್ಕರ್ ಅವರು 1950ರಲ್ಲಿ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಭಾರತದ ಮೊದಲ ಔದ್ಯೋಗಿಕ ಚಿಕಿತ್ಸಾ ಶಾಲೆಯನ್ನು ತೆರೆದರು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ‘ಸಮುದಾಯದಲ್ಲಿ ಚಿಕಿತ್ಸೆ’ ಎಂಬ ಘೋಷಣೆ ಎದ್ದಾಗ ಅದು ಹೊಸದೆಂದು ಅನೇಕರು ಭಾವಿಸಿದರು.

ಆದರೆ ಷಿಕಾಗೋದ ಕಥೆಗೆ ಇನ್ನೊಂದು ಭಾಗವಿದೆ. ಔದ್ಯೋಗಿಕ ಚಿಕಿತ್ಸೆಯ ಇತಿಹಾಸಗಳಲ್ಲಿ ಅದು ಸಾಮಾನ್ಯವಾಗಿ ಬರುವುದಿಲ್ಲ. ಬರಬೇಕೆಂಬುದು ನಮ್ಮ ವಾದ. ಆಡಮ್ಸ್ ಅವರು 1935ರಲ್ಲಿ ತೀರಿಕೊಂಡರು. 1961ರಲ್ಲಿ ನಗರಾಧ್ಯಕ್ಷ ರಿಚರ್ಡ್ ಡೇಲಿ ಅವರ ಆಡಳಿತವು ಇಲಿನಾಯ್ ವಿಶ್ವವಿದ್ಯಾನಿಲಯದ ಹೊಸ ಆವರಣಕ್ಕೆ ಹಾಲ್‌ಸ್ಟೆಡ್ ಮತ್ತು ಹ್ಯಾರಿಸನ್ ಬೀದಿಗಳು ಕೂಡುವ ನೆಲವನ್ನೇ, ಎಂದರೆ ಹಲ್ ಹೌಸಿನ ಕೇರಿಯನ್ನೇ ಆರಿಸಿತು. ಕೇರಿಯವರಿಗೆ ಅದು ಸಿಡಿಲೆರಗಿದಂತಾಯಿತು. ಅವರ ಮುಂದಾಳಾಗಿ ನಿಂತವರು ಫ್ಲಾರೆನ್ಸ್ ಸ್ಕಾಲ. ಇಟಲಿಯಿಂದ ಬಂದ ದರ್ಜಿಯೊಬ್ಬನ ಮಗಳು, ಹಲ್ ಹೌಸಿನಲ್ಲಿ ಆಡಿ ಕಲಿತು ಬೆಳೆದವರು. ಹೆಂಗಸರು ಮೆರವಣಿಗೆ ಹೊರಟರು, ನಗರಾಧ್ಯಕ್ಷರ ಕಚೇರಿಯಲ್ಲಿ ಧರಣಿ ಕುಳಿತರು, ಮೊಕದ್ದಮೆಯನ್ನು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಕೊಂಡೊಯ್ದರು. ಹಲ್ ಹೌಸಿನ ಆಡಳಿತ ಮಂಡಳಿಯು ಪರಿಹಾರದ ಹಣವನ್ನು ಒಪ್ಪಿಕೊಂಡು ಕಟ್ಟಡಗಳನ್ನು ಬಿಟ್ಟುಕೊಟ್ಟಿತು. ಹಲವು ದಶಕಗಳ ಕಾಲ ಅಲ್ಲಿಯೇ ಬಾಳಿದ್ದ ವೃದ್ಧ ನಿವಾಸಿ ಜೆಸ್ಸಿ ಬಿನ್‌ಫರ್ಡ್ ಮಾತ್ರ ಕೊನೆಯವರೆಗೂ ಸ್ಕಾಲ ಅವರ ಪಕ್ಕದಲ್ಲಿ ನಿಂತರು. ನಿವಾಸಿಗಳಲ್ಲಿ ಒಬ್ಬರಾದರೂ ನೆರೆಯವರಾದರೆಂದು ಹೇಳಬಹುದು.

1963ರಲ್ಲಿ ಮೊಕದ್ದಮೆ ಸೋತಿತು. ಸಾವಿರಾರು ಜನ ಮನೆ ಬಿಟ್ಟರು. ಹದಿಮೂರು ಕಟ್ಟಡಗಳಿದ್ದ ಹಲ್ ಹೌಸಿನಲ್ಲಿ ಮೂಲ ಬಂಗಲೆಯೂ ನಿವಾಸಿಗಳ ಊಟದ ಮನೆಯೂ ಉಳಿದುವು. ನೆರೆಯವರು ಬರುತ್ತಿದ್ದ ಕಾರ್ಯಶಾಲೆಗಳು ನೆಲಸಮವಾದುವು. 1965ರ ಫೆಬ್ರವರಿಯಲ್ಲಿ ಹೊಸ ಆವರಣವು ತೆರೆಯಿತು, 1967ರಲ್ಲಿ ಬಂಗಲೆಯು ವಸ್ತುಸಂಗ್ರಹಾಲಯವಾಯಿತು. 1895ರಲ್ಲಿ ಒಂದು ವಿಶ್ವವಿದ್ಯಾನಿಲಯಕ್ಕೆ ಒಲ್ಲೆನೆಂದ ಮನೆಯು ಈಗ ಮತ್ತೊಂದು ವಿಶ್ವವಿದ್ಯಾನಿಲಯದ ಅಂಗಳದಲ್ಲಿದೆ. ಒಲ್ಲೆನೆನ್ನುವ ಶಕ್ತಿ ಆಡಮ್ಸ್ ಅವರಿಗಿದ್ದಿತು, ಕೇರಿಯವರಿಗೆ ಇರಲಿಲ್ಲ. ವಿಶ್ವವಿದ್ಯಾನಿಲಯವು ಜನರೊಡನೆ ಕೂಡಿ ಕೆಲಸಮಾಡಿತೆಂದು ಯಾವ ವರದಿಯಲ್ಲಾದರೂ ಓದಿದಾಗ, ಬೇಡವೆನ್ನುವ ಅವಕಾಶ ಆ ಜನರಿಗೆ ಇದ್ದಿತೇ ಎಂದು ಮೊದಲು ಕೇಳಿಕೊಳ್ಳುವುದು ಇತಿಹಾಸಕಾರನ ಕರ್ತವ್ಯ.

ಇದೇ ವಿಶ್ವವಿದ್ಯಾನಿಲಯದ ಔದ್ಯೋಗಿಕ ಚಿಕಿತ್ಸಾ ವಿಭಾಗವು, ಗ್ಯಾರಿ ಕೀಲ್‌ಹಾಫ್ನರ್ ಅವರ ನೇತೃತ್ವದಲ್ಲಿ, ಏಡ್ಸ್ ರೋಗದೊಡನೆ ಬಾಳುತ್ತಿದ್ದ ಷಿಕಾಗೋದ ಜನರ ಜೊತೆಗೂಡಿ, ಅವರು ಕೆಲಸಕ್ಕೆ ಹಿಂದಿರುಗುವ ದಾರಿಗಳನ್ನು ರೂಪಿಸಿತೆಂಬುದನ್ನೂ ಹೇಳದಿದ್ದರೆ ನಾವು ಪಕ್ಷಪಾತಿಗಳಾಗುತ್ತೇವೆ. ಕೇರಿ ಕಳೆದುಕೊಂಡ ಮೇಲೂ ನಗರದ ಬೇರೆಡೆಗಳಲ್ಲಿ ಕೆಲಸ ನಡೆಸಿಕೊಂಡು ಬಂದಿದ್ದ ಹಲ್ ಹೌಸ್ ಸಂಘವು 2012ರ ಜನವರಿಯಲ್ಲಿ ಹಣವಿಲ್ಲದೆ ಮುಚ್ಚಿತು.

ಸ್ಕಾಲ ಅವರು ಊರು ಬಿಟ್ಟು ಹೋಗಲಿಲ್ಲ. ಟೇಲರ್ ಬೀದಿಯಲ್ಲಿ ಅವರ ಕುಟುಂಬದ ಕಟ್ಟಡವು ಉರುಳದೆ ಉಳಿದಿದ್ದಿತು. 1980ರಲ್ಲಿ ಅವರು ಅದರಲ್ಲಿ ತಮ್ಮ ಹೆಸರಿನದೇ ಒಂದು ಹೋಟೆಲನ್ನು ತೆರೆದು ಸುಮಾರು ಹತ್ತು ವರ್ಷ ಇಟಲಿಯ ಅಡಿಗೆ ಬಡಿಸಿದರು, 2007ರಲ್ಲಿ ತೀರಿಕೊಂಡರು.